ಒಂದು ಕಥೆ, ಹಲವು ಪಾಠಗಳು: ‘ಜಾಸ್’ ಚಿತ್ರದ ಅನುಕರಣೆಗಳು ಮತ್ತು ಕಥೆಯ ಒಡೆತನದ ಪ್ರಶ್ನೆ

1. ಪ್ರವೇಶ

ದೊಡ್ಡ ಬಂಡವಾಳದ ಚಿತ್ರವೊಂದು ಗೆದ್ದ ಕೂಡಲೇ ಅದರ ಜಾಡು ಹಿಡಿದು ಸಣ್ಣ ಬಂಡವಾಳದ ಚಿತ್ರಗಳು ಸಾಲುಗಟ್ಟಿ ಬರುವುದು ಸಿನಿಮಾ ಇತಿಹಾಸದಲ್ಲಿ ಹೊಸ ಸಂಗತಿಯಲ್ಲ. ಭೀಕರ ಪ್ರಾಣಿಯನ್ನು ಕೇಂದ್ರವಾಗಿಟ್ಟುಕೊಂಡ ಚಿತ್ರಗಳಲ್ಲಿ ಈ ಪ್ರವೃತ್ತಿ ಎದ್ದು ಕಾಣುತ್ತದೆ. ಚಲನಚಿತ್ರ ವಿಮರ್ಶೆ ಇಂತಹ ಚಿತ್ರಗಳನ್ನು ‘ನಕಲು’ ಎಂಬ ಒಂದೇ ಮಾತಿನಲ್ಲಿ ಬದಿಗೆ ಸರಿಸುತ್ತ ಬಂದಿದೆ. ಆದರೆ ಒಂದೇ ಕಥೆಯನ್ನು ಹಲವರು ಹಲವು ಬಗೆಯಲ್ಲಿ ಹೇಳುವುದು ಜಾನಪದ ಅಧ್ಯಯನಕ್ಕೆ ದೋಷವಾಗಿ ಕಾಣುವುದಿಲ್ಲ. ಅದೇ ಅದರ ಅಧ್ಯಯನದ ವಸ್ತು. ಈ ನೆಲೆಯಿಂದ ನೋಡಿದಾಗ ಅನುಕರಣ ಚಿತ್ರಗಳು ಬೇರೊಂದು ಅರ್ಥವನ್ನು ಪಡೆಯುತ್ತವೆ.

ಪ್ರಸ್ತುತ ಲೇಖನವು 1975ರಲ್ಲಿ ತೆರೆಕಂಡ ‘ಜಾಸ್’ ಚಿತ್ರ ಹಾಗೂ ಅದನ್ನು ಅನುಸರಿಸಿ 1976ರಿಂದ 1982ರ ಅವಧಿಯಲ್ಲಿ ಬಂದ ಕೆಲವು ಚಿತ್ರಗಳನ್ನು ಕಥಾಪಾಠಗಳೆಂದು ಭಾವಿಸಿ ಪರಿಶೀಲಿಸುತ್ತದೆ. ಈ ಆಯ್ಕೆಗೆ ಕಾರಣವಿದೆ. ಜನಪದ ಕಥೆಯೊಂದರ ಮೂಲರೂಪ ಯಾವುದು, ಅದು ಎಲ್ಲಿ, ಯಾವಾಗ ಹುಟ್ಟಿತು ಎಂಬುದನ್ನು ಕಂಡುಹಿಡಿಯಲು ಫಿನ್ನಿಷ್ ಪಂಥದ ವಿದ್ವಾಂಸರು ದಶಕಗಳ ಕಾಲ ಶ್ರಮಿಸಿದರು. ಅವರಿಗೆ ದೊರೆತದ್ದು ಬಹುಮಟ್ಟಿಗೆ ಊಹೆಯ ಮೂಲ ಮಾತ್ರ. ಇಲ್ಲಿಯಾದರೋ ಮೂಲಪಾಠದ ದಿನಾಂಕ ಗೊತ್ತಿದೆ, ಪ್ರತಿಯೊಂದು ಪಾಠಾಂತರದ ವರ್ಷ ಗೊತ್ತಿದೆ, ಯಾರು ಹೇಳಿದರು ಎಂಬುದೂ ಗೊತ್ತಿದೆ. ಕಥೆಯೊಂದು ಕೈಯಿಂದ ಕೈಗೆ ದಾಟುವಾಗ ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಬಿಡುತ್ತದೆ, ಏನನ್ನು ಹೊಸದಾಗಿ ಕೂಡಿಸಿಕೊಳ್ಳುತ್ತದೆ ಎಂಬುದನ್ನು ಪರೀಕ್ಷಿಸಲು ಇಂತಹ ಅವಕಾಶ ಅಪರೂಪ. ಅಷ್ಟೇ ಅಲ್ಲ, ಈ ಪಾಠಾಂತರಗಳಲ್ಲೊಂದು ನ್ಯಾಯಾಲಯದ ಮೆಟ್ಟಿಲೇರಿತು. ಕಥೆ ಯಾರ ಸೊತ್ತು ಎಂಬ ಪ್ರಶ್ನೆಗೆ ಅಲ್ಲಿ ದೊರೆತ ಉತ್ತರ ಜಾನಪದ ವಿದ್ವಾಂಸರು ಅವಶ್ಯ ಗಮನಿಸಬೇಕಾದದ್ದು.

2. ಮೂಲಪಾಠದ ಸ್ವರೂಪ

ಪೀಟರ್ ಬೆಂಚ್ಲಿ ಬರೆದ ‘ಜಾಸ್’ ಕಾದಂಬರಿ 1974ರಲ್ಲಿ ಪ್ರಕಟವಾಯಿತು. ಯೂನಿವರ್ಸಲ್ ಸಂಸ್ಥೆಗಾಗಿ ಸ್ಟೀವನ್ ಸ್ಪಿಲ್‌ಬರ್ಗ್ ಅದನ್ನು ಚಿತ್ರವಾಗಿಸಿದರು. 55 ದಿನಗಳಲ್ಲಿ ಮುಗಿಯಬೇಕಿದ್ದ ಚಿತ್ರೀಕರಣ 159 ದಿನಗಳವರೆಗೆ ಎಳೆಯಿತು. ವೆಚ್ಚ ಸುಮಾರು 90 ಲಕ್ಷ ಡಾಲರ್‌ಗೆ ಏರಿತು. 1975ರ ಜೂನ್ 20ರಂದು ಅದು 400ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಒಮ್ಮೆಗೇ ಬಿಡುಗಡೆಯಾಯಿತು. ಟೆಲಿವಿಷನ್ ಜಾಹೀರಾತಿನ ಬೆಂಬಲದೊಡನೆ ಇಷ್ಟು ವ್ಯಾಪಕವಾಗಿ ಚಿತ್ರವನ್ನು ಬಿಡುಗಡೆ ಮಾಡುವ ಕ್ರಮ ಅದರ ಗೆಲುವಿನ ನಂತರ ಹಾಲಿವುಡ್ಡಿನ ರೂಢಿಯೇ ಆಯಿತು.

ಕಥೆಯ ಹಂದರವನ್ನು ರಷ್ಯದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ರೂಪಿಸಿದ ಕ್ರಮವನ್ನು ಅನುಸರಿಸಿ ಹೀಗೆ ಬಿಡಿಸಬಹುದು: (ಅ) ಊರಿನ ಅಂಚಿನ ನೀರಿನಲ್ಲಿ ಮೊದಲ ಸಾವು; (ಆ) ಕಾವಲುಗಾರನ ಎಚ್ಚರಿಕೆ; (ಇ) ಊರಿನ ಅಧಿಕಾರಸ್ಥನಿಂದ ಅದರ ನಿರಾಕರಣೆ; (ಈ) ತಪ್ಪು ಪ್ರಾಣಿಯನ್ನು ಕೊಂದು ಗೆದ್ದೆವೆಂದು ಸಂಭ್ರಮಿಸುವುದು; (ಉ) ಹಬ್ಬದ ದಿನ ಮತ್ತೆ ಸಾವು; (ಊ) ಕಾವಲುಗಾರ, ಪಂಡಿತ, ಬೇಟೆಗಾರ ಈ ಮೂವರ ಯಾತ್ರೆ; (ಋ) ಬೇಟೆಗಾರನ ಬಲಿ; (ಎ) ಸ್ಫೋಟದಿಂದ ಪ್ರಾಣಿಯ ವಧೆ.

ಈ ಹಂದರ ನಮಗೆ ಅಪರಿಚಿತವಲ್ಲ. ಆರ್ನೆ–ಥಾಂಪ್ಸನ್ ಕಥಾವರ್ಗ ಸೂಚಿಯಲ್ಲಿ 300ನೆಯದಾಗಿ ದಾಖಲಾಗಿರುವ ‘ಘಟಸರ್ಪ ಸಂಹಾರ’ದ ಕಥೆಗೂ ಇದಕ್ಕೂ ನಿಕಟ ಹೋಲಿಕೆಯಿದೆ. ಆ ಕಥಾವರ್ಗದಲ್ಲಿ ಸರ್ಪವನ್ನು ತಾನೇ ಕೊಂದೆನೆಂದು ಹೇಳಿಕೊಳ್ಳುವ ಸುಳ್ಳುನಾಯಕನೊಬ್ಬ ಬರುತ್ತಾನೆ. ನಿಜವಾದ ನಾಯಕ ತಾನು ಕತ್ತರಿಸಿ ಇಟ್ಟುಕೊಂಡ ಸರ್ಪದ ನಾಲಗೆಯನ್ನು ತೋರಿಸಿ ಸತ್ಯವನ್ನು ಸ್ಥಾಪಿಸುತ್ತಾನೆ. ‘ಜಾಸ್’ ಚಿತ್ರದಲ್ಲಿ ಬಹುಮಾನದ ಆಸೆಗೆ ಬಂದ ಬೇಟೆಗಾರರು ಬೇರೊಂದು ಜಾತಿಯ ಶಾರ್ಕನ್ನು ಹಿಡಿದು ತಂದಾಗ, ವಿಜ್ಞಾನಿ ಹೂಪರ್ ಅದರ ಹೊಟ್ಟೆಯನ್ನು ಸೀಳಿ ನೋಡುತ್ತಾನೆ. ಒಳಗೆ ಮನುಷ್ಯನ ಅವಶೇಷವಿಲ್ಲ. ನಾಲಗೆಯ ಸ್ಥಾನದಲ್ಲಿ ಹೊಟ್ಟೆ ಬಂದಿದೆ. ಸತ್ಯಕ್ಕೆ ಸಾಕ್ಷಿ ಮೃಗದ ದೇಹದಲ್ಲೇ ಇದೆ ಎಂಬ ಆಶಯ ಮಾತ್ರ ಹಾಗೆಯೇ ಉಳಿದಿದೆ.

ಅಧಿಕಾರಸ್ಥನ ಪಾತ್ರಕ್ಕೂ ಹಳೆಯ ಬೇರುಗಳಿವೆ. ಏಕಚಕ್ರ ನಗರದ ಬಕಾಸುರನ ಪ್ರಸಂಗದಲ್ಲಿ ಪ್ರಜೆಗಳನ್ನು ಕಾಯಲಾರದ ದೊರೆಯಿಂದಾಗಿ ಊರೇ ರಕ್ಕಸನೊಡನೆ ಒಪ್ಪಂದಕ್ಕೆ ಇಳಿದಿರುತ್ತದೆ. ಸರದಿಯಂತೆ ಬಂಡಿ ಅನ್ನ, ಕೋಣಗಳು, ಜೊತೆಗೊಬ್ಬ ಮನುಷ್ಯ. ಮೃಗಕ್ಕಿಂತಲೂ ಮೃಗದೊಡನೆ ಮಾಡಿಕೊಂಡ ಒಪ್ಪಂದವೇ ಅಲ್ಲಿ ಭೀಕರವಾದದ್ದು. ‘ಜಾಸ್’ ಚಿತ್ರದ ಮೇಯರ್ ಬೇಸಿಗೆಯ ಪ್ರವಾಸಿಗಳ ಹಣಕ್ಕಾಗಿ ಕಡಲತೀರವನ್ನು ಮುಚ್ಚಲೊಪ್ಪದಿರುವುದು ಇದೇ ಒಪ್ಪಂದದ ಆಧುನಿಕ ರೂಪ. ಇವೆರಡರ ನಡುವೆ ನೇರ ಸಂಬಂಧವಿದೆಯೆಂದು ಇಲ್ಲಿ ಹೇಳುತ್ತಿಲ್ಲ. ನರಭಕ್ಷಕನ ಕಥೆ ಎಲ್ಲಿ ಹುಟ್ಟಿದರೂ ಊರಿನ ಆಡಳಿತವನ್ನು ಪ್ರಶ್ನಿಸದೆ ಮುಂದುವರಿಯುವುದಿಲ್ಲ ಎಂಬುದಷ್ಟೇ ಇಲ್ಲಿನ ತಾತ್ಪರ್ಯ.

3. ಮೂಲದ ಹಿಂದಿನ ಮೂಲಗಳು

‘ಮೂಲ’ ಎಂದು ಕರೆಯಲಾಗುವ ಕೃತಿಯೇ ಹಲವು ಹಳೆಯ ಕೃತಿಗಳ ಋಣವನ್ನು ಹೊತ್ತಿದೆ. ಮೆಲ್ವಿಲ್‌ನ ‘ಮೊಬಿ ಡಿಕ್’ (1851), ಇಬ್ಸನ್ನನ ‘ಎನಿಮಿ ಆಫ್ ದಿ ಪೀಪಲ್’ ನಾಟಕ (1882) ಇವುಗಳೊಡನೆ ಅದನ್ನು ಹೋಲಿಸುವುದು ವಿಮರ್ಶೆಯಲ್ಲಿ ರೂಢಿಯಾಗಿದೆ. ಸ್ನಾನತೀರ್ಥದ ನೀರು ವಿಷವಾಗಿದೆ ಎಂಬ ವೈದ್ಯನ ಮಾತನ್ನು ಊರಿನ ಆದಾಯಕ್ಕೆ ಅಂಜಿ ಮೇಯರ್ ಹತ್ತಿಕ್ಕುವುದೇ ಇಬ್ಸನ್ನನ ನಾಟಕದ ವಸ್ತು.

ಇವುಗಳಿಗಿಂತ ಹತ್ತಿರದ ಮೂಲವೊಂದಿದೆ. ಅದು 1950ರ ದಶಕದ ಅಗ್ಗದ ಪ್ರಾಣಿಭಯ ಚಿತ್ರಗಳ ಪರಂಪರೆ. ರೋಜರ್ ಕಾರ್ಮನ್ (1926–2024) ‘ಅಟ್ಯಾಕ್ ಆಫ್ ದ ಕ್ರ್ಯಾಬ್ ಮಾನ್‌ಸ್ಟರ್ಸ್’ (1957) ಮೊದಲಾದ ಚಿತ್ರಗಳನ್ನು ಅತ್ಯಲ್ಪ ಹಣದಲ್ಲಿ, ಕೆಲವೇ ದಿನಗಳಲ್ಲಿ ತಯಾರಿಸುತ್ತಿದ್ದರು. ಬಯಲು ಚಿತ್ರಮಂದಿರಗಳಲ್ಲಿ ಕಾರಿನೊಳಗೆ ಕುಳಿತು ನೋಡುವ ಹದಿಹರೆಯದವರೇ ಇಂತಹ ಚಿತ್ರಗಳ ಮುಖ್ಯ ಪ್ರೇಕ್ಷಕರು. ತಾವು ಮಾಡುತ್ತ ಬಂದುದನ್ನೇ ದೊಡ್ಡ ಸಂಸ್ಥೆಗಳು ದೊಡ್ಡ ಬಂಡವಾಳದಲ್ಲಿ ಮಾಡತೊಡಗಿದವು ಎಂಬ ಅರ್ಥದ ಮಾತನ್ನು ‘ಜಾಸ್’ ಬಗ್ಗೆ ಕಾರ್ಮನ್ ಹೇಳಿದ್ದುಂಟು. ಈ ಮಾತು ಒಪ್ಪತಕ್ಕದ್ದು. ಮೊದಲು ಅಗ್ಗದ ಚಿತ್ರದಿಂದ ದೊಡ್ಡ ಚಿತ್ರಕ್ಕೆ, ಬಳಿಕ ದೊಡ್ಡ ಚಿತ್ರದಿಂದ ಅಗ್ಗದ ಚಿತ್ರಕ್ಕೆ, ಹೀಗೆ ಕಥೆ ಎರಡೂ ದಿಕ್ಕಿನಲ್ಲಿ ಸಾಗಿದೆ.

ಜರ್ಮನಿಯ ಹಾನ್ಸ್ ನೌಮಾನ್ 1920ರ ದಶಕದಲ್ಲಿ ಒಂದು ವಾದವನ್ನು ಮುಂದಿಟ್ಟಿದ್ದ. ಮೇಲುವರ್ಗದ ಸಂಸ್ಕೃತಿಯೇ ಕೆಳಕ್ಕಿಳಿದು ಜಾನಪದವಾಗುತ್ತದೆ, ಜನಸಾಮಾನ್ಯರು ಹೊಸದನ್ನು ಸೃಷ್ಟಿಸುವುದಿಲ್ಲ ಎಂಬುದು ಅದರ ಸಾರ. ಅನುಕರಣ ಚಿತ್ರಗಳ ಬಗೆಗಿನ ಸಾಮಾನ್ಯ ಅಭಿಪ್ರಾಯದಲ್ಲಿ ಈ ವಾದವೇ ಬೇರೆ ರೂಪದಲ್ಲಿ ಉಳಿದುಕೊಂಡಿದೆ. ಕನ್ನಡ ಜಾನಪದ ಅಧ್ಯಯನದಲ್ಲಿ ಜನಪದ ಮತ್ತು ಶಿಷ್ಟ ಪರಂಪರೆಗಳ ಕೊಡುಕೊಳೆಯನ್ನು ಗುರುತಿಸಿರುವ ನಮಗೆ ಈ ಏಕಮುಖ ನೋಟ ಸಾಲದು.

4. ಪಾಠಾಂತರಗಳು: ಉಳಿದದ್ದು, ಕೂಡಿದ್ದು

ವಿಲಿಯಂ ಗರ್ಡ್ಲರ್ ನಿರ್ದೇಶನದ ‘ಗ್ರಿಜ್ಲಿ’ (1976) ಮೂಲಪಾಠಕ್ಕೆ ಅತಿ ಸಮೀಪದ ಪಾಠಾಂತರ. ಸುಮಾರು 7.5 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾದ ಈ ಚಿತ್ರ ಅದರ ಹಲವು ಪಟ್ಟು ಗಳಿಸಿತು. ಕಡಲಿನ ಬದಲು ಅರಣ್ಯೋದ್ಯಾನ, ಶಾರ್ಕಿನ ಬದಲು ದೈತ್ಯ ಕರಡಿ, ಪೊಲೀಸ್ ಅಧಿಕಾರಿಯ ಬದಲು ಅರಣ್ಯಪಾಲಕ. ಉದ್ಯಾನವನ್ನು ಮುಚ್ಚಲೊಪ್ಪದ ಮೇಲಧಿಕಾರಿ ಮೇಯರನ ಸ್ಥಾನದಲ್ಲಿದ್ದಾನೆ. ಮೂವರ ಯಾತ್ರೆ ದೋಣಿಯ ಬದಲು ಹೆಲಿಕಾಪ್ಟರಿನಲ್ಲಿ ನಡೆಯುತ್ತದೆ. ಕಥೆಯೊಳಗಿನ ಕಥೆಯೂ ಉಳಿದಿದೆ. ‘ಜಾಸ್’ ಚಿತ್ರದ ಬೇಟೆಗಾರ ಕ್ವಿಂಟ್ 1945ರಲ್ಲಿ ಮುಳುಗಿದ ‘ಇಂಡಿಯಾನಾಪೊಲಿಸ್’ ಯುದ್ಧನೌಕೆಯ ನಾವಿಕರು ಶಾರ್ಕುಗಳಿಗೆ ಬಲಿಯಾದುದನ್ನು ಹೇಳಿದರೆ, ಇಲ್ಲಿ ಹೆಲಿಕಾಪ್ಟರ್ ಚಾಲಕ ಮೂಲನಿವಾಸಿಗಳ ಮೇಲೆರಗಿದ ಕರಡಿಗಳ ಕಥೆಯನ್ನು ಹೇಳುತ್ತಾನೆ. ಇತಿಹಾಸದ ಜಾಗದಲ್ಲಿ ಐತಿಹ್ಯ ಬಂದು ಕುಳಿತಿದೆ. ಹೇಳುವವನು ತನಗೆ ಒದಗಿದ ಸಾಮಗ್ರಿಯಿಂದ ಖಾಲಿ ಮನೆಯನ್ನು ತುಂಬಿಸುತ್ತಾನೆ ಎಂಬುದಕ್ಕೆ ಇದೊಂದು ನಿದರ್ಶನ.

ಇಟಲಿಯ ನಿರ್ಮಾಪಕ ಓವಿಡಿಯೊ ಅಸೊನಿಟಿಸ್ ನಿರ್ದೇಶಿಸಿದ ‘ಟೆಂಟಕಲ್ಸ್’ (1977) ದೈತ್ಯ ಆಕ್ಟೋಪಸ್ಸಿನ ಕಥೆ. ಕಡಲಡಿಯಲ್ಲಿ ಸುರಂಗ ಕೊರೆಯುವ ಸಂಸ್ಥೆಯ ಅಕ್ರಮದಿಂದ ಪ್ರಾಣಿ ಕೆರಳುತ್ತದೆ. ಕೊನೆಗೆ ಅದನ್ನು ಕೊಲ್ಲುವುದು ಮನುಷ್ಯನಲ್ಲ, ಅವನು ಸಾಕಿ ಪಳಗಿಸಿದ ಎರಡು ಓರ್ಕಾ ತಿಮಿಂಗಿಲಗಳು. ಅವುಗಳನ್ನು ಬಿಡುವ ಮುನ್ನ ತರಬೇತುದಾರ ಅವುಗಳೊಡನೆ ಮಾತಾಡಿ ಸಹಾಯ ಬೇಡುತ್ತಾನೆ. ಸ್ಟಿತ್ ಥಾಂಪ್ಸನ್ನನ ಆಶಯಸೂಚಿಯಲ್ಲಿ ದೊಡ್ಡದೊಂದು ಗುಂಪಾಗಿರುವ, ನಮ್ಮ ಅಜ್ಜಿಕಥೆಗಳಲ್ಲಿ ಇರುವೆ, ಗಿಳಿ, ಹಾವುಗಳ ರೂಪದಲ್ಲಿ ಬರುವ ‘ಸಹಾಯಕ ಪ್ರಾಣಿ’ಯ ಆಶಯ ಮೂಲಪಾಠದಲ್ಲಿ ಇರಲಿಲ್ಲ; ಪಾಠಾಂತರ ಅದನ್ನು ಮರಳಿ ತಂದಿತು.

ಜೋ ಡಾಂಟೆ ನಿರ್ದೇಶನ, ಜಾನ್ ಸೇಲ್ಸ್ ಚಿತ್ರಕಥೆಯ ‘ಪಿರಾನಾ’ (1978) ಕಾರ್ಮನ್ ಅವರ ಸಂಸ್ಥೆಯಿಂದಲೇ ಬಂದದ್ದು. ಇದರ ನಾಯಕಿಯನ್ನು ನಾವು ಮೊದಲು ಕಾಣುವುದು ‘ಜಾಸ್’ ಹೆಸರಿನ ವಿಡಿಯೊ ಆಟವನ್ನು ಆಡುತ್ತಿರುವಾಗ. ಪಾಠಾಂತರ ತನ್ನ ಮೂಲವನ್ನು ಮರೆಮಾಚದೆ ಹೆಸರಿಟ್ಟು ಸೂಚಿಸುತ್ತಿದೆ. ವಿಯೆಟ್ನಾಂ ಯುದ್ಧದಲ್ಲಿ ಶತ್ರುವಿನ ನದಿಗಳಿಗೆ ಬಿಡಲೆಂದು ಸೇನೆ ರೂಪಿಸಿದ ಮೀನುಗಳು ಯುದ್ಧ ಮುಗಿದ ಮೇಲೆ ಅಮೆರಿಕದ ನದಿಯನ್ನೇ ಸೇರುತ್ತವೆ. ಅವುಗಳನ್ನು ಕೊಲ್ಲಲು ಕಾರ್ಖಾನೆಯ ವಿಷವನ್ನು ಹೊಳೆಗೆ ಬಿಡಬೇಕಾಗುತ್ತದೆ. ಯುದ್ಧ ಮುಗಿದ ಮೂರು ವರ್ಷಗಳಲ್ಲಿ ಬಂದ ಈ ಚಿತ್ರ ತಾನು ಅನುಕರಿಸಿದ ದೊಡ್ಡ ಚಿತ್ರ ಆಡದ ಮಾತನ್ನು ಆಡಿತು. ಚಿತ್ರವನ್ನು ತಡೆಯಲು ಯೂನಿವರ್ಸಲ್ ಯೋಚಿಸಿತ್ತೆಂದೂ, ಸ್ಪಿಲ್‌ಬರ್ಗ್ ಅದನ್ನು ಮೆಚ್ಚಿಕೊಂಡದ್ದರಿಂದ ಆ ಯೋಚನೆ ಕೈಬಿಟ್ಟಿತೆಂದೂ ಚಿತ್ರ ಸಂಬಂಧಿ ಬರಹಗಳಲ್ಲಿ ದಾಖಲಾಗಿದೆ.

ಜಾನಪದ ದೃಷ್ಟಿಯಿಂದ ಅತ್ಯಂತ ಶ್ರೀಮಂತವಾದ ಪಾಠಾಂತರ ‘ಅಲಿಗೇಟರ್’ (1980). ಲೂಯಿಸ್ ಟೀಗ್ ನಿರ್ದೇಶನದ ಇದರ ಚಿತ್ರಕಥೆಯೂ ಸೇಲ್ಸ್ ಅವರದೇ. ನ್ಯೂಯಾರ್ಕಿನ ಚರಂಡಿಗಳಲ್ಲಿ ಮೊಸಳೆಗಳು ವಾಸಿಸುತ್ತವೆ, ಸಾಕಲೆಂದು ತಂದ ಮರಿಗಳನ್ನು ಶೌಚಗುಂಡಿಗೆ ಎಸೆದದ್ದರಿಂದ ಅವು ಅಲ್ಲಿ ಬೆಳೆದಿವೆ ಎಂಬ ನಗರ ಐತಿಹ್ಯ ಅಮೆರಿಕದಲ್ಲಿ ವ್ಯಾಪಕವಾಗಿತ್ತು. 1935ರ ಫೆಬ್ರುವರಿಯಲ್ಲಿ ಹಾರ್ಲೆಮ್ ಪ್ರದೇಶದ ಚರಂಡಿಯ ಬಾಯಲ್ಲಿ ಮೊಸಳೆಯೊಂದು ಸಿಕ್ಕಿದ ಸುದ್ದಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಜಾನಪದ ವಿದ್ವಾಂಸ ಯಾನ್ ಹೆರಾಲ್ಡ್ ಬ್ರನ್‌ವಾಂಡ್ ತಮ್ಮ 1981ರ ನಗರ ಐತಿಹ್ಯಗಳ ಗ್ರಂಥದಲ್ಲಿ ಇದನ್ನು ಚರ್ಚಿಸಿದ್ದಾರೆ. ಅಂದರೆ ವಿದ್ವಾಂಸರ ಈ ಗ್ರಂಥಕ್ಕಿಂತ ಒಂದು ವರ್ಷ ಮೊದಲೇ ಅಗ್ಗದ ಚಿತ್ರವೊಂದು ಈ ಐತಿಹ್ಯವನ್ನು ಎತ್ತಿಕೊಂಡು ‘ಜಾಸ್’ ಹಂದರದಲ್ಲಿ ಕೂರಿಸಿತ್ತು. ಔಷಧ ಸಂಸ್ಥೆಯೊಂದು ಪ್ರಯೋಗಕ್ಕೆ ಬಳಸಿದ ನಾಯಿಮರಿಗಳ ಹೆಣಗಳನ್ನು ಚರಂಡಿಗೆ ಎಸೆಯುತ್ತದೆ. ಅವುಗಳಲ್ಲಿನ ಹಾರ್ಮೋನಿನಿಂದ ಮೊಸಳೆ ದೈತ್ಯವಾಗುತ್ತದೆ. ಕೊನೆಯ ಭಾಗದಲ್ಲಿ ಅದು ಸಂಸ್ಥೆಯ ಒಡೆಯನ ಬಂಗಲೆಯಲ್ಲಿ ನಡೆಯುವ ಮದುವೆಗೇ ನುಗ್ಗುತ್ತದೆ. ಒಡೆಯನೂ ಮೇಯರನೂ ಅಲ್ಲಿ ಸಾಯುತ್ತಾರೆ.

ಈ ನಾಲ್ಕನ್ನು ಒಟ್ಟಿಗೆ ಇಟ್ಟು ನೋಡಿದಾಗ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದು: ‘ಜಾಸ್’ ಚಿತ್ರದ ಶಾರ್ಕಿಗೆ ಉತ್ಪತ್ತಿ ಕಥನವಿಲ್ಲ, ಅದು ಕಡಲಿನಿಂದ ಸುಮ್ಮನೆ ಬರುತ್ತದೆ. ‘ಗ್ರಿಜ್ಲಿ’ಯನ್ನು ಬಿಟ್ಟರೆ ಉಳಿದ ಪಾಠಾಂತರಗಳು ಮೃಗಕ್ಕೊಂದು ಕಾರಣವನ್ನು ಕೊಡುತ್ತವೆ, ಆ ಕಾರಣವನ್ನು ಸೇನೆ, ಔಷಧ ಸಂಸ್ಥೆ, ನಿರ್ಮಾಣ ಸಂಸ್ಥೆಗಳಲ್ಲಿ ಕಾಣುತ್ತವೆ. ಎರಡು: ಮೂಲಪಾಠದಲ್ಲಿ ಮೇಯರನಿಗೆ ಶಿಕ್ಷೆಯಿಲ್ಲ, ಅವನು 1978ರ ‘ಜಾಸ್ 2’ ಚಿತ್ರದಲ್ಲೂ ಮೇಯರನಾಗಿಯೇ ಮುಂದುವರಿಯುತ್ತಾನೆ. ‘ಅಲಿಗೇಟರ್’ ಚಿತ್ರದಲ್ಲಿ ಮೃಗವೇ ತೀರ್ಪು ಕೊಡುತ್ತದೆ. ಜನಪದ ಕಥೆ ಅಪರಾಧಿಯನ್ನು ಶಿಕ್ಷಿಸದೆ ಮುಗಿಯಲೊಪ್ಪುವುದಿಲ್ಲ. ದೊಡ್ಡ ಚಿತ್ರ ಬಾಕಿ ಉಳಿಸಿದ ಲೆಕ್ಕವನ್ನು ಸಣ್ಣ ಚಿತ್ರ ತೀರಿಸಿತು.

5. ಬಡತನ ಮತ್ತು ತಂತ್ರ

ನಿರ್ಮಾಣತಂತ್ರದ ಬಗ್ಗೆ ಒಂದು ಮಾತು. ‘ಜಾಸ್’ ಚಿತ್ರಕ್ಕಾಗಿ ತಯಾರಿಸಿದ ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಡುತ್ತಿತ್ತು. ಹೀಗಾಗಿ ಪ್ರಾಣಿಯನ್ನು ತೋರಿಸದೆಯೇ, ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳ ಸಂಗೀತ, ತೇಲುವ ಹಳದಿ ಪೀಪಾಯಿಗಳು, ನೀರಿನ ಮಟ್ಟದ ಕ್ಯಾಮೆರಾ ಇವುಗಳಿಂದ ಅದರ ಇರವನ್ನು ಸೂಚಿಸಲಾಯಿತು. ಕಾಣದ ಮೃಗ ಕಂಡ ಮೃಗಕ್ಕಿಂತ ಭೀಕರವೆಂಬುದು ಹಣವಿಲ್ಲದ ಚಿತ್ರಗಳು ಬಹಳ ಹಿಂದೆಯೇ ಕಂಡುಕೊಂಡಿದ್ದ ಸತ್ಯ. ಅನುಕರಣ ಚಿತ್ರಗಳು ಮೃಗದ ಕಣ್ಣಿನಿಂದ ನೋಡುವ ದೃಶ್ಯವನ್ನು ಸಿದ್ಧಸೂತ್ರವಾಗಿ ಬಳಸಿದವು. ಮಿಲ್ಮನ್ ಪ್ಯಾರಿ, ಆಲ್ಬರ್ಟ್ ಲಾರ್ಡ್ ಮೌಖಿಕ ಮಹಾಕಾವ್ಯಗಳಲ್ಲಿ ಗುರುತಿಸಿದ ಸೂತ್ರಗಳು ಗಾಯಕನಿಗೆ ಹೇಗೆ ಊರುಗೋಲಾಗಿದ್ದವೋ, ಕಡಿಮೆ ದಿನಗಳಲ್ಲಿ ಚಿತ್ರ ಮುಗಿಸಬೇಕಾದವನಿಗೆ ಈ ದೃಶ್ಯಸೂತ್ರಗಳೂ ಹಾಗೆಯೇ ಆಸರೆಯಾದವು.

6. ನ್ಯಾಯಾಲಯದಲ್ಲಿ ಹೋಲಿಕೆಯ ಪಟ್ಟಿ

ಇಟಲಿಯ ಎಂಜೊ ಕಾಸ್ಟೆಲಾರಿ ನಿರ್ದೇಶಿಸಿದ ‘ದ ಲಾಸ್ಟ್ ಶಾರ್ಕ್’ (1981) ಈ ಸರಣಿಯ ನಿರ್ಣಾಯಕ ಕೃತಿ. ‘ಗ್ರಿಜ್ಲಿ’ಯನ್ನು ಹೊರತಂದಿದ್ದ ಫಿಲ್ಮ್ ವೆಂಚರ್ಸ್ ಸಂಸ್ಥೆ 1982ರಲ್ಲಿ ಇದನ್ನು ‘ಗ್ರೇಟ್ ವೈಟ್’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಇಲ್ಲಿ ಪ್ರಾಣಿ ಶಾರ್ಕೇ, ಸ್ಥಳ ಕಡಲತೀರದ ಊರೇ. ಹಬ್ಬದ ಸ್ಥಾನದಲ್ಲಿ ಹಾಯಿಹಲಗೆಯ ಸ್ಪರ್ಧೆಯಿದೆ. ನಾಯಕನ ಹೆಸರು ಪೀಟರ್ ಬೆಂಟನ್; ಮೂಲ ಕಾದಂಬರಿಕಾರನ ಹೆಸರಿನ ಪ್ರತಿಧ್ವನಿ ಅದರಲ್ಲಿ ಕೇಳಿಸುತ್ತದೆ. ಶಾರ್ಕ್ ನುಂಗಿದ ಸ್ಫೋಟಕದಿಂದಲೇ ಅದರ ವಧೆಯಾಗುತ್ತದೆ.

ಯೂನಿವರ್ಸಲ್ ಸಂಸ್ಥೆ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕೃತಿಸ್ವಾಮ್ಯದ ಕಾನೂನು ಕಲ್ಪನೆಯನ್ನು ರಕ್ಷಿಸುವುದಿಲ್ಲ, ಅದರ ಅಭಿವ್ಯಕ್ತಿಯನ್ನು ಮಾತ್ರ ರಕ್ಷಿಸುತ್ತದೆ ಎಂಬುದು ಸ್ಥಾಪಿತ ತತ್ತ್ವ. ನರಭಕ್ಷಕ ಶಾರ್ಕ್ ಎಂಬ ಕಲ್ಪನೆ ಯಾರ ಸೊತ್ತೂ ಅಲ್ಲ. ಆದರೆ ಎರಡೂ ಚಿತ್ರಗಳ ಪಾತ್ರಗಳು, ಘಟನೆಗಳ ಅನುಕ್ರಮ, ಆರಂಭ ಮತ್ತು ಅಂತ್ಯ ಇವುಗಳನ್ನು ಹೋಲಿಸಿದ ನ್ಯಾಯಾಲಯ, ಸಾಮ್ಯ ಗಣನೀಯವಾಗಿದೆ ಎಂದು ಕಂಡು 1982ರಲ್ಲಿ ಪ್ರದರ್ಶನಕ್ಕೆ ತಡೆಯಾಜ್ಞೆ ನೀಡಿತು. ಚಿತ್ರಮಂದಿರಗಳಿಂದ ಹಿಂತೆಗೆಯಲಾದ ಚಿತ್ರ ಅಮೆರಿಕದಲ್ಲಿ ದಶಕಗಳ ಕಾಲ ಅಧಿಕೃತವಾಗಿ ನೋಡಸಿಗದೆ ಉಳಿಯಿತು.

ಈ ತೀರ್ಪಿನ ವಿಧಾನ ನಮಗೆ ಸುಪರಿಚಿತ. ಪಾತ್ರಕ್ಕೆ ಪಾತ್ರ, ಘಟನೆಗೆ ಘಟನೆ ಇಟ್ಟು ಹೋಲಿಕೆಯ ಪಟ್ಟಿ ಮಾಡುವುದು ತೌಲನಿಕ ಜಾನಪದದ ಮೂಲಭೂತ ಕೆಲಸ. ಒಂದೇ ಪಟ್ಟಿ ಎರಡು ಕಡೆ ಎರಡು ಅರ್ಥ ಕೊಡುತ್ತದೆ. ನಮಗೆ ಅದು ಬಂಧುತ್ವದ ಪುರಾವೆ, ನ್ಯಾಯಾಲಯಕ್ಕೆ ಅದು ಕಳವಿನ ಪುರಾವೆ. ನ್ಯಾಯಾಲಯ ತಪ್ಪು ಮಾಡಿತೆಂದು ಇದರ ಅರ್ಥವಲ್ಲ. ‘ದ ಲಾಸ್ಟ್ ಶಾರ್ಕ್’ ತನ್ನ ಮೂಲದಿಂದ ಬಹಳ ತೆಗೆದುಕೊಂಡು ಸ್ವಲ್ಪವನ್ನೇ ಕೂಡಿಸಿತು ಎಂಬುದು ನಿಜ. ಆದರೆ ಕೂಡಿಸಿದ್ದು ಏನು ಎಂಬುದನ್ನೂ ನೋಡಬೇಕು. ಅಪಾಯವನ್ನು ಮುಚ್ಚಿಟ್ಟ ರಾಜಕಾರಣಿಯೇ ಇಲ್ಲಿ ಹೆಲಿಕಾಪ್ಟರಿನಲ್ಲಿ ಶಾರ್ಕ್ ಬೇಟೆಗೆ ಹೋಗಿ ಅದರ ಬಾಯಿಗೆ ಬೀಳುತ್ತಾನೆ. ಮೂಲವನ್ನು ಅತಿಯಾಗಿ ನೆಚ್ಚಿದ ಪಾಠಾಂತರವೂ ಈ ಒಂದು ತಿದ್ದುಪಡಿಯನ್ನು ಮಾಡದೆ ಬಿಡಲಿಲ್ಲ. ಕಾನೂನಿನ ತಕ್ಕಡಿಯಲ್ಲಿ ಸಾಮ್ಯಕ್ಕೆ ತೂಕವಿದೆ, ವ್ಯತ್ಯಾಸಕ್ಕೆ ಅಷ್ಟಿಲ್ಲ. ಜಾನಪದದಲ್ಲಿ ಪಾಠಾಂತರದ ಜೀವ ಇರುವುದೇ ವ್ಯತ್ಯಾಸದಲ್ಲಿ. ರಾಮಾಯಣಗಳ ಕುರಿತು ಬರೆಯುವಾಗ ಎ. ಕೆ. ರಾಮಾನುಜನ್ ‘ಪಾಠಾಂತರ’ ಎಂಬ ಮಾತಿಗಿಂತ ‘ಹೇಳಿಕೆ’ ಎಂಬರ್ಥದ ಮಾತನ್ನು ಆರಿಸಿಕೊಂಡದ್ದು ಈ ಕಾರಣಕ್ಕಾಗಿಯೇ. ಪಾಠಾಂತರ ಎಂದರೆ ಬದಲಾಗದ ಮೂಲವೊಂದು ಇದೆ ಎಂದಾಗುತ್ತದೆ. ಹೇಳಿಕೆ ಎಂದರೆ ಪ್ರತಿಯೊಂದೂ ತನ್ನಷ್ಟಕ್ಕೆ ನಿಲ್ಲುತ್ತದೆ.

7. ನಂತರದ ಬೆಳವಣಿಗೆ

1982ರ ನಂತರವೂ ಹೇಳಿಕೆಗಳು ನಿಲ್ಲಲಿಲ್ಲ. 1996ರಲ್ಲಿ ಬಿಡುಗಡೆಯಾದ ಧರ್ಮೇಂದ್ರ ಅಭಿನಯದ ಹಿಂದಿ ಚಿತ್ರ ‘ಆತಂಕ್’ ಶಾರ್ಕನ್ನು ಭಾರತದ ಮೀನುಗಾರರ ಊರಿಗೆ ತಂದಿತು. ಅದರಲ್ಲಿ ನಟಿಸಿದ ವಿನೋದ್ ಮೆಹ್ರಾ 1990ರಲ್ಲೇ ತೀರಿಕೊಂಡಿದ್ದರು ಎಂಬುದರಿಂದ ಆ ಚಿತ್ರ ಎಷ್ಟು ಕಾಲ ನನೆಗುದಿಗೆ ಬಿದ್ದಿತ್ತೆಂದು ಊಹಿಸಬಹುದು. ಅಮೆರಿಕದ ದಿ ಅಸೈಲಮ್ ಸಂಸ್ಥೆ ಅನುಕರಣೆಯನ್ನೇ ವ್ಯಾಪಾರ ಕ್ರಮವಾಗಿಸಿತು. ‘ಸ್ನೇಕ್ಸ್ ಆನ್ ಎ ಪ್ಲೇನ್’ 2006ರ ಆಗಸ್ಟಿನಲ್ಲಿ ತೆರೆಕಾಣುವ ಮೂರು ದಿನ ಮೊದಲೇ ಅದರ ‘ಸ್ನೇಕ್ಸ್ ಆನ್ ಎ ಟ್ರೇನ್’ ಮಾರುಕಟ್ಟೆಯಲ್ಲಿತ್ತು. ಪಾಠಾಂತರ ಮೂಲಕ್ಕಿಂತ ಮೊದಲೇ ಹುಟ್ಟುವ ಈ ವಿಚಿತ್ರ ಸ್ಥಿತಿಗೆ ಜಾನಪದದಲ್ಲಿ ಹೋಲಿಕೆಯಿಲ್ಲ. ಇಲ್ಲಿ ಅನುಕರಣೆಗೊಳಗಾಗುವುದು ಕಥೆಯಲ್ಲ, ಹೆಸರು ಮತ್ತು ಜಾಹೀರಾತು. 2012ರಲ್ಲಿ ಇದೇ ಸಂಸ್ಥೆಯ ‘ಏಜ್ ಆಫ್ ದ ಹಾಬಿಟ್ಸ್’ ಚಿತ್ರವನ್ನು ನ್ಯಾಯಾಲಯ ತಡೆದದ್ದೂ ಮುಖ್ಯವಾಗಿ ಹೆಸರಿನ ಕಾರಣಕ್ಕೆ. 1970ರ ದಶಕದ ಅನುಕರಣೆಗಳನ್ನು ಇವುಗಳೊಡನೆ ಒಂದೇ ಗಂಟಿನಲ್ಲಿ ಕಟ್ಟುವುದು ಸರಿಯಲ್ಲ.

ಮೂಲಪಾಠದ ಪರಿಣಾಮ ತೆರೆಯ ಆಚೆಗೂ ಚಾಚಿತು. ಶಾರ್ಕಿನ ಬಗೆಗೆ ತನ್ನ ಕೃತಿ ಬಿತ್ತಿದ ಭೀತಿಯನ್ನು ಕುರಿತು ಬೆಂಚ್ಲಿ ಮರುಗಿದರು. 2006ರಲ್ಲಿ ತೀರಿಕೊಳ್ಳುವವರೆಗೂ ಕಡಲಿನ ಜೀವಿಗಳ ಸಂರಕ್ಷಣೆಗಾಗಿ ದುಡಿದರು. 2022ರ ಸಂದರ್ಶನವೊಂದರಲ್ಲಿ ಸ್ಪಿಲ್‌ಬರ್ಗ್ ಕೂಡ ಶಾರ್ಕುಗಳ ನಾಶದ ಬಗ್ಗೆ ವಿಷಾದ ಸೂಚಿಸಿದರು. ಮೃಗ ತಾನಾಗಿ ಕೆಟ್ಟದ್ದಲ್ಲ, ಮನುಷ್ಯನ ಲೋಭ ಅದನ್ನು ಕೆಡಿಸಿತು ಎಂಬ ಮಾತನ್ನು ‘ಪಿರಾನಾ’, ‘ಅಲಿಗೇಟರ್’ ಚಿತ್ರಗಳು ಬಹಳ ಮೊದಲೇ ಆಡಿದ್ದವು.

8. ಸಮಾರೋಪ

1982ರಲ್ಲಿಯೇ ಇನ್ನೊಂದು ಘಟನೆ ನಡೆಯಿತು. ಯುನೆಸ್ಕೊ ಹಾಗೂ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಗಳು ಜಾನಪದ ಅಭಿವ್ಯಕ್ತಿಗಳನ್ನು ಅನುಚಿತ ಬಳಕೆಯಿಂದ ರಕ್ಷಿಸಲು ಮಾದರಿ ಕಾನೂನು ನಿಯಮಗಳನ್ನು ರೂಪಿಸಿದವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ಕಡೆ, ಹಳೆಯ ಸಾಮಾನ್ಯ ಕಥಾಹಂದರವನ್ನು ಆಧರಿಸಿದ ಕೃತಿಯ ಮೇಲೆ ದೊಡ್ಡ ಸಂಸ್ಥೆಯೊಂದು ತನ್ನ ಹಕ್ಕನ್ನು ನ್ಯಾಯಾಲಯದಲ್ಲಿ ಸ್ಥಾಪಿಸಿತು. ಇನ್ನೊಂದು ಕಡೆ, ಒಡೆಯನ ಹೆಸರಿಲ್ಲದ ಪರಂಪರೆಗಳಿಗೆ ಹಕ್ಕು ಕಲ್ಪಿಸುವ ನಿಯಮಗಳು ಮಾದರಿಯಾಗಿ ಉಳಿದವು. ಅವುಗಳಿಗೆ ಕಾನೂನಿನ ಬಲ ಕೊಡುವುದು ಆಯಾ ದೇಶಕ್ಕೆ ಬಿಟ್ಟ ವಿಷಯವಾಯಿತು. ನಮ್ಮ ಜನಪದ ಹಾಡು ಸಿನಿಮಾಕ್ಕೋ ಧ್ವನಿಸುರುಳಿಗೋ ಸೇರಿದಾಗ ಅದರ ಮೇಲೆ ಸಂಸ್ಥೆಯ ಹೆಸರು ಬೀಳುತ್ತದೆ, ಹಾಡಿಕೊಂಡು ಬಂದ ಸಮುದಾಯದ ಹೆಸರು ಬೀಳುವುದಿಲ್ಲ. ಎರವಲು ಪಡೆದವರು ಯಾರು, ಕದ್ದವರು ಯಾರು ಎಂಬುದನ್ನು ಹಲವೊಮ್ಮೆ ಕಥೆಗಿಂತ ಬಂಡವಾಳವೇ ನಿರ್ಧರಿಸುತ್ತದೆ.

ಈ ಅಧ್ಯಯನದಿಂದ ಹೊರಡುವ ನಿರ್ಣಯಗಳು ಇಷ್ಟು: ಅನುಕರಣ ಚಿತ್ರಗಳನ್ನು ಮೂಲದ ಕುಂದಿದ ಪ್ರತಿಗಳೆಂದು ಕಾಣದೆ ಹೇಳಿಕೆಗಳೆಂದು ಓದಿದಾಗ, ಅವುಗಳ ಕೂಡಿಕೆಗಳಲ್ಲಿ ಆ ಕಾಲದ ಅಂಜಿಕೆ ಮತ್ತು ನ್ಯಾಯದ ಹಂಬಲ ಎರಡೂ ಕಾಣಸಿಗುತ್ತವೆ. ‘ಮೂಲ’ವೂ ಒಂದು ಹೇಳಿಕೆಯೇ, ಅದರ ಬೆನ್ನಿಗೆ ಬಂಡವಾಳವಿತ್ತು ಎಂಬುದು ಅದರ ವಿಶೇಷ. ಜನಪದ ಕಥೆಯ ಎಲ್ಲ ಪಾಠಗಳನ್ನೂ ಕೂಡಿಡುವ ಶಿಸ್ತನ್ನು ನಮ್ಮ ಸಂಗ್ರಹಕಾರರು ಬೆಳೆಸಿಕೊಂಡಿದ್ದಾರೆ. ಕೆಟ್ಟ ಪಾಠ ಎಂದು ಯಾವುದನ್ನೂ ಅವರು ಎಸೆಯುವುದಿಲ್ಲ. ಜನಪ್ರಿಯ ಸಿನಿಮಾದ ಸಂಗ್ರಹಾಲಯಗಳೂ ಗ್ರಂಥಾಲಯಗಳೂ ಇದೇ ಶಿಸ್ತನ್ನು ಪಾಲಿಸುವುದು ಅವಶ್ಯ. ಗೆದ್ದ ಪಾಠವೊಂದನ್ನೇ ಉಳಿಸಿಕೊಂಡರೆ, ಮೇಯರನಿಗೆ ಶಿಕ್ಷೆಯಾಗಬೇಕೆಂದು ಬಯಸಿದ ಹೇಳಿಕೆಗಳು ಮುಂದಿನ ಸಂಶೋಧಕರಿಗೆ ದೊರೆಯದೆ ಹೋಗುತ್ತವೆ.